ಪೇಟಿಯ ಹಿಂದಿನ ದನಿ

ನಾಲ್ಕು ಜನ ಕೂಡಿ ಹಾಡುವಾಗ ಯಾರ ದನಿ ಎಷ್ಟು ಕೇಳಬೇಕೆಂಬುದನ್ನು ಯಾರಾದರೂ ಗೊತ್ತುಮಾಡಲೇಬೇಕು. ಈಗ ಮೊಬೈಲಿನಲ್ಲಿ ಬೆರಳಾಡಿಸಿ ಅದನ್ನು ಏರಿಸುತ್ತೇವೆ, ಇಳಿಸುತ್ತೇವೆ. ಒಂದು ಕಾಲಕ್ಕೆ ಅದು ಹಾಡುವವರು ಎಲ್ಲಿ ನಿಂತರು ಎಂಬುದರ ಮೇಲೇ ನಿಂತಿತ್ತು.

1902ರಲ್ಲಿ ಗೈಸ್‌ಬರ್ಗ್ ಎಂಬಾತ ಕಲ್ಕತ್ತೆಯ ಹೋಟೆಲೊಂದರಲ್ಲಿ ಗೋಹರ್ ಜಾನ್ ಅವರ ಹಾಡನ್ನು ಮುದ್ರಿಸಿಕೊಂಡಾಗ ಮೈಕು ಇರಲಿಲ್ಲ. ತುತ್ತೂರಿಯಂಥ ದೊಡ್ಡ ಕೊಳವೆಯ ಬಾಯಿಗೆ ಮುಖವಿಟ್ಟು ಗಟ್ಟಿಯಾಗಿ ಹಾಡಬೇಕಿತ್ತು. ವಾದ್ಯದ ಸದ್ದು ಹೆಚ್ಚಾದರೆ ನುಡಿಸುವವರನ್ನು ಹಿಂದಕ್ಕೆ ಸರಿಸುವುದೇ ಉಪಾಯ. 1925ರಿಂದೀಚೆಗೆ ಮೈಕು ಬಂದು ಮೆಲುದನಿಗೂ ಮರ್ಯಾದೆ ಸಿಕ್ಕಿತು. ಆದರೂ ದೂರದ ಲೆಕ್ಕ ತಪ್ಪಲಿಲ್ಲ. ಬಯಲಿನಲ್ಲಿ ಎರಡು ಪಟ್ಟು ದೂರ ಸರಿದರೆ ದನಿಯ ಬಲ ನಾಲ್ಕರಲ್ಲಿ ಒಂದು ಪಾಲಿಗೆ ಇಳಿಯುತ್ತದೆ.

ನಮ್ಮ ಮುಧೋಳದ ನೆರೆಯ ಬೀಳಗಿಯ ಹೆಣ್ಣುಮಗಳು ಅಮೀರ್‌ಬಾಯಿ ಕರ್ನಾಟಕಿ ಮುಂಬಯಿಗೆ ಹೋಗಿ ಹೆಸರು ಮಾಡಿದ್ದು ಈ ಕಾಲದಲ್ಲಿಯೇ. 1943ರ ‘ಕಿಸ್ಮತ್’, 1944ರ ‘ರತನ್’ ಚಿತ್ರಗಳ ಹಾಡುಗಳಲ್ಲಿ ಆಕೆಯ ದನಿ ದೇಶವೆಲ್ಲ ಕೇಳಿತು. ಆಗ ಹಾಡು, ವಾದ್ಯ ಎಲ್ಲ ಒಟ್ಟಿಗೇ ಮುದ್ರಣವಾಗಬೇಕು. ಒಬ್ಬರು ತಪ್ಪಿದರೆ ಎಲ್ಲರೂ ಮೊದಲಿನಿಂದ ಶುರುಮಾಡಬೇಕು. ಇಂದಿಗೂ ಆ ಹಾಡುಗಳಲ್ಲಿ ಆಕೆಯ ದನಿ ವಾದ್ಯಗಳ ಮುಂದೆಯೇ ನಿಂತಿದೆ. ಆಕೆಯನ್ನು ಮೈಕಿನ ಮುಂದೆ ನಿಲ್ಲಿಸಿದ್ದರು, ಅದಕ್ಕೆ.

ನಮ್ಮ ಮನೆಗಳಲ್ಲಿ ಹಾಡಿದ ಹೆಣ್ಣುಮಕ್ಕಳಿಗೆ ಆ ಜಾಗ ಸಿಕ್ಕಿತೆ? ನನ್ನ ಅವ್ವನ ದನಿಯಿರುವ ಒಂದೇ ಕ್ಯಾಸೆಟ್ಟು 1986ರ ಶ್ರಾವಣದ್ದು. ಮನೆಯಲ್ಲಿ ಭಜನೆ. ಪ್ಲಗ್ಗಿದ್ದದ್ದು ಪಡಸಾಲೆಯ ಗೋಡೆಗೆ, ಅಲ್ಲಿ ಕೂತಿದ್ದವರು ಪೇಟಿ ಬಾರಿಸುವ ನಮ್ಮ ಸೋದರಮಾವ. ಹಾಗಾಗಿ ಟೇಪ್‌ರೆಕಾರ್ಡರು ಅವರ ಮಗ್ಗುಲಲ್ಲಿ. ಅವ್ವ ಅಡುಗೆಮನೆಯ ಹೊಸ್ತಿಲಲ್ಲಿ ಕೂತು ಹಾಡಿದಳು.

ಮನೆಬಳಕೆಯ ಆ ಯಂತ್ರಗಳಲ್ಲಿ ಬಹಳಷ್ಟು ದನಿಯ ಮಟ್ಟವನ್ನು ತಾವೇ ಹೊಂದಿಸಿಕೊಳ್ಳುತ್ತಿದ್ದವು. ಹತ್ತಿರದಲ್ಲಿ ಜೋರು ಸದ್ದಾದರೆ ಒಟ್ಟಾರೆ ಮಟ್ಟ ಇಳಿಸುತ್ತಿದ್ದವು. ಅದು ನಿಂತರೆ ಏರಿಸುತ್ತಿದ್ದವು. ಅದಕ್ಕೇ ಆ ಕ್ಯಾಸೆಟ್ಟಿನಲ್ಲಿ ಪೇಟಿ ಮೊಳಗುವಷ್ಟು ಹೊತ್ತು ಅವ್ವನಿಲ್ಲ. ಮಾವ ಕೈ ತಡೆದಾಗ ಮಾತ್ರ ಆಕೆಯ ದನಿ, ಬಳೆಯ ಸದ್ದಿನ ಸಮೇತ, ತಟ್ಟನೆ ಹತ್ತಿರ ಬರುತ್ತದೆ.

ಬೇರೆ ಬೇರೆ ದನಿಗಳನ್ನು ಬೇರೆ ಬೇರೆ ಟ್ರ್ಯಾಕುಗಳಲ್ಲಿ ಹಿಡಿದು, ಆಮೇಲೆ ಹದಮಾಡುವ ವಿದ್ಯೆ ದೊಡ್ಡ ಸ್ಟುಡಿಯೋಗಳಿಗೆ ಮೊದಲು ಬಂತು. 1979ರಲ್ಲಿ ಜಪಾನಿನ ಟಿಯಾಕ್ ಕಂಪನಿ ಸಾಮಾನ್ಯ ಕ್ಯಾಸೆಟ್ಟಿನಲ್ಲೇ ನಾಲ್ಕು ಟ್ರ್ಯಾಕು ಮುದ್ರಿಸುವ ಯಂತ್ರ ತಂದಿತು. ಸ್ಟುಡಿಯೋ ಮನೆಯೊಳಗೆ ಬಂದದ್ದು ಹಾಗೆ. ಇಂದು ಆ ಕೆಲಸ ಅಂಗೈಯ ಫೋನಿನಲ್ಲಿದೆ.

ಮೊನ್ನೆ ನಮ್ಮ ತಂಗಿಯ ಮಗಳು ತನ್ನವ್ವನ ಹಾಡು ಮುದ್ರಿಸಿದಳು. ದನಿ ಒಂದು ಟ್ರ್ಯಾಕಿಗೆ, ಪೇಟಿ ಇನ್ನೊಂದಕ್ಕೆ. “ಅವ್ವನ ದನಿ ಇನ್ನಷ್ಟು ಏರಿಸಬೇ” ಎಂದೆ. “ಅದನ್ನ ಏರಿಸೂದು ಬ್ಯಾಡ ದೊಡ್ಡವ್ವ, ಕೆಂಪು ಗೆರಿ ಮುಟ್ಟಿದ್ರ ದನಿ ಒಡೀತದ. ಪೇಟಿ ಇಳಸ್ತೀನಿ” ಎಂದಳು. ಪೇಟಿ ತಗ್ಗಿತು, ತಂಗಿಯ ಮಾತು ಮಾತೂ ತಿಳಿಯಾಗಿ ಕೇಳಿತು. ಒಬ್ಬರ ದನಿ ಕೇಳಬೇಕಾದರೆ ಅವರೇ ಕೂಗಬೇಕೆಂದಿಲ್ಲ, ಉಳಿದವರು ತುಸು ತಗ್ಗಿದರೂ ಸಾಕು. ಇದನ್ನು ನಮ್ಮ ಮನೆಗಳಲ್ಲಿ ಎಷ್ಟು ಜನ ಬಲ್ಲರು?

ಒಟ್ಟಿಗೆ ಮುದ್ರಣವಾದ ಹಾಡಿನಿಂದ ದನಿಯನ್ನು ಬೇರ್ಪಡಿಸುವ ಕಂಪ್ಯೂಟರ್ ಉಪಾಯಗಳು ಈಗ ಬಂದಿವೆ. ಅವ್ವನ ಕ್ಯಾಸೆಟ್ಟಿಗೂ ಅದನ್ನು ಮಾಡಿಸಿದೆವು. ಪೇಟಿ ಸರಿಯಿತು, ಆದರೆ ಅದರ ಹಿಂದೆ ಉಳಿದದ್ದು ಟೇಪಿನ ಸುಯ್‌ಸದ್ದು, ಅಲ್ಲಲ್ಲಿ ಅವ್ವನ ಅರ್ಧರ್ಧ ಮಾತು. ಮೈಕಿಗೆ ಸರಿಯಾಗಿ ತಲುಪದೆ ಹೋದದ್ದನ್ನು ಯಾವ ಯಂತ್ರ ಏರಿಸೀತು? ಏರಿಸಿದರೆ ಸುಯ್‌ಸದ್ದೂ ಜೊತೆಗೇ ಏರುತ್ತದೆ.

ನಿಮ್ಮ ಮನೆಯಲ್ಲೂ ಬೀಸುವ ಪದ, ಸೋಬಾನ ಪದ ಬಲ್ಲ ಹಿರಿಯರಿದ್ದಾರು. ಫೋನನ್ನು ಅವರ ಬಾಯಿಯಿಂದ ಒಂದು ಗೇಣು ದೂರದಲ್ಲಿ, ತುಸು ಓರೆಯಾಗಿಡಿ. ಫ್ಯಾನು ಆರಿಸಿ. ಅವರು ಹೊಸ್ತಿಲಲ್ಲಿ ಕೂತಿದ್ದರೆ ಮೊದಲು ಎಬ್ಬಿಸಿ ಒಳಗೆ ಕರೆತನ್ನಿ.