ಮುಳ್ಳು ಕಳೆದುಕೊಂಡ ಕುಸುಬಿಯ ಕಥೆ

ಸೊಲ್ಲಾಪುರ ಜಿಲ್ಲೆಯ ಕನ್ನಡ ಮನೆಗಳಲ್ಲಿ ಅದು ಕುಸುಬಿ. ಅದೇ ಕಾಳು ಅಕ್ಕಲಕೋಟದ ಪೇಟೆಗೆ ಹೋದರೆ ಕರಡಈ. ಹೆಸರು ಎರಡಾದರೂ ಮುಳ್ಳು ಒಂದೇ! ಸೂರ್ಯಕಾಂತಿ, ಸೇವಂತಿಗೆ, ಪೇಟೆಯ ಸಲಾಡಿನ ಲೆಟ್ಯೂಸ್ ಇವೆಲ್ಲ ಕುಸುಬಿಯ ಬಂಧುಗಳೇ. ಆದರೆ ಈ ಬಂಧುಗಳಲ್ಲಿ ಕೊಯ್ಯುವವರ ಕೈಗೆ ಕುಸುಬಿ ಕೊಟ್ಟಷ್ಟು ಕಾಟವನ್ನು ಇನ್ನಾವುದೂ ಕೊಟ್ಟಿಲ್ಲ.

ಹಳೆಯ ಪದ್ಧತಿ ಗೊತ್ತಿರುವವರಿಗೆ ಇದನ್ನು ಹೇಳಬೇಕಾಗಿಲ್ಲ. ಎರೆ ಹೊಲದಲ್ಲಿ ಹಿಂಗಾರಿ ಜೋಳ, ನಡುನಡುವೆ ಕುಸುಬಿಯ ಅಕ್ಕಡಿ ಸಾಲು, ಹೊಲದ ಸುತ್ತಲೂ ಕುಸುಬಿಯದೇ ಬೇಲಿ. ದನ ಬಾಯಿ ಹಾಕಬಾರದೆಂದು ಮುಳ್ಳಿನ ಕಾವಲು. ಮನೆಗೆ ಎಣ್ಣೆ, ದನಕ್ಕೆ ಹಿಂಡಿ, ಎಳೆ ಗಿಡದ ಪಲ್ಯ, ಹಬ್ಬಕ್ಕೆ ಕುಸುಬಿ ಹಾಲಿನ ಹುಗ್ಗಿ. ಇಷ್ಟೆಲ್ಲ ಕೊಡುವ ಬೆಳೆಯನ್ನು ಫೆಬ್ರವರಿ-ಮಾರ್ಚ್‌ನಲ್ಲಿ ಕೊಯ್ಯುವಾಗ ಮಾತ್ರ ಕಷ್ಟ. ಬೆಳಗಿನ ಜಾವ, ಇಬ್ಬನಿಗೆ ಮುಳ್ಳು ಮೆತ್ತಗಿರುವಾಗಲೇ ಕೊಯ್ಲು ಮುಗಿಸಬೇಕು. ಬಿಸಿಲೇರಿದರೆ ಮುಳ್ಳು ಸೂಜಿಯಾಗುತ್ತದೆ. ಕೈಕಾಲಿಗೆ ಬಟ್ಟೆ ಸುತ್ತಿಕೊಂಡು ಕೊಯ್ಯುವವರಲ್ಲಿ ಹೆಚ್ಚಿನವರು ಹೆಣ್ಣುಮಕ್ಕಳು.

ಹಾಗಾದರೆ ಮುಳ್ಳಿಲ್ಲದ ಕುಸುಬಿಯೇ ಇರಲಿಲ್ಲವೆ? ಇತ್ತು. ಇತಿಹಾಸದ ಸ್ವಾರಸ್ಯ ಇರುವುದೇ ಇಲ್ಲಿ.

ಕುಸುಬಿಯನ್ನು ಜನ ಮೊದಲಿನಿಂದಲೂ ಎಣ್ಣೆಗಾಗಿ ಮಾತ್ರ ಬೆಳೆದವರಲ್ಲ. ಅದರ ಹೂವಿನಿಂದ ಕೆಂಪು, ಹಳದಿ ಬಣ್ಣ ತೆಗೆಯುತ್ತಿದ್ದರು. ಪ್ರಾಚೀನ ಈಜಿಪ್ಟಿನವರೂ ಈ ಬಣ್ಣದಿಂದ ಬಟ್ಟೆ ಅದ್ದುತ್ತಿದ್ದರು. ಹೂವನ್ನು ಎಸಳು ಎಸಳಾಗಿ ಕೈಯಿಂದಲೇ ಬಿಡಿಸಬೇಕು. ಆದ್ದರಿಂದ ಬಣ್ಣಕ್ಕಾಗಿ ಬೆಳೆಯುವಲ್ಲಿ ಮುಳ್ಳಿಲ್ಲದ ತಳಿ ಉಳಿಯಿತು. ಎಣ್ಣೆಗಾಗಿ ಬೆಳೆಯುವಲ್ಲಿ ಮುಳ್ಳಿನ ತಳಿ ಉಳಿಯಿತು. ಯಾವ ವಿಜ್ಞಾನಿಯೂ ಇಲ್ಲದ ಕಾಲದಲ್ಲಿ ಹೂ ಬಿಡಿಸುವ ಬೆರಳುಗಳೇ ತಳಿ ಆಯ್ಕೆ ಮಾಡಿದ್ದವು. 1856ರಲ್ಲಿ ಇಂಗ್ಲೆಂಡಿನ ವಿಲಿಯಂ ಪರ್ಕಿನ್ ಪ್ರಯೋಗಾಲಯದಲ್ಲಿ ಕೃತಕ ಬಣ್ಣ ತಯಾರಿಸಿದ. ಮುಂದೆ ಅಂಥ ಅಗ್ಗದ ಬಣ್ಣಗಳು ಮಾರುಕಟ್ಟೆ ತುಂಬಿದಂತೆ ಕುಸುಬಿ ಹೂವಿನ ವ್ಯಾಪಾರ ಬಿದ್ದುಹೋಯಿತು. ಉಳಿದದ್ದು ಎಣ್ಣೆಯ ಕುಸುಬಿ, ಅಂದರೆ ಮುಳ್ಳಿನ ಕುಸುಬಿ.

ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಬಿಹಾರದ ಪೂಸಾ ಸಂಶೋಧನಾ ಸಂಸ್ಥೆಯಲ್ಲಿ ಆಲ್ಬರ್ಟ್ ಹೊವಾರ್ಡ್, ಅವರ ಪತ್ನಿ ಗೇಬ್ರಿಯೆಲ್ ಹಾಗೂ ಅಬ್ದುರ್ ರೆಹಮಾನ್ ಖಾನ್ ದೇಶದ ಕುಸುಬಿ ತಳಿಗಳನ್ನು ಬಿಡಿಬಿಡಿಯಾಗಿ ಬೆಳೆಸಿ ಅಭ್ಯಾಸ ಮಾಡಿದರು. ಅವರ ಬರಹ ಪ್ರಕಟವಾದದ್ದು 1915ರಲ್ಲಿ. ಜೇನುನೊಣಗಳ ಮೂಲಕ ಒಂದು ಗಿಡದ ಪರಾಗ ಇನ್ನೊಂದಕ್ಕೆ ಹೋಗಿ ತಳಿಗಳು ಬೆರೆಯುತ್ತವೆ ಎಂಬುದು ಮುಂದಿನ ಕೆಲಸಕ್ಕೆಲ್ಲ ದೊಡ್ಡ ಪಾಠವಾಯಿತು.

ಇನ್ನು ನಮ್ಮ ಊರಿಗೆ ಬರೋಣ. ಬರಗಾಲದ ನಾಡೆಂದು ಹೆಸರಾದ ಸೊಲ್ಲಾಪುರದಲ್ಲಿ 1933ರಲ್ಲಿ ಒಣ ಬೇಸಾಯದ ಸಂಶೋಧನೆ ಆರಂಭವಾಯಿತು. ಇದೇ ಯೋಜನೆಯಲ್ಲಿ ವಿಜಾಪುರಕ್ಕೂ ಒಂದು ಕೇಂದ್ರ ಸಿಕ್ಕಿತು. ಆಗ ಎರಡೂ ಮುಂಬಯಿ ಪ್ರಾಂತದಲ್ಲಿದ್ದವು, ನಡುವೆ ರಾಜ್ಯದ ಗಡಿ ಇರಲಿಲ್ಲ. 1956ರಲ್ಲಿ ಗಡಿ ಬಂದರೂ ಎರೆ ಮಣ್ಣು ಮಾತ್ರ ಅದೇ ಉಳಿಯಿತು. ಆಮೇಲೆ ಕುಸುಬಿ ತಳಿ ಅಭಿವೃದ್ಧಿಯ ಕೆಲಸ ಗಡಿಯ ಎರಡೂ ಕಡೆ ನಡೆಯಿತು. ಆ ಕಡೆ ಧಾರವಾಡ ಜಿಲ್ಲೆಯ ಅಣ್ಣಿಗೇರಿಯಿಂದ ಎ-1 ತಳಿ ಬಂತು. ಈ ಕಡೆ ಸೊಲ್ಲಾಪುರದಿಂದ 1982ರಲ್ಲಿ ನಮ್ಮ ನದಿಯ ಹೆಸರು ಹೊತ್ತ 'ಭೀಮಾ' ತಳಿ ಬಂತು. ಇವೆರಡೂ ಒಣ ಭೂಮಿಗೆ ಹೊಂದಿಕೊಂಡವು, ಆದರೆ ಎರಡಕ್ಕೂ ಮುಳ್ಳಿತ್ತು.

ಮುಳ್ಳಿನ ಜೊತೆಗೆ ರೋಗದ ಚಿಂತೆಯೂ ಇತ್ತು. ಮೋಡ ಮುಸುಕಿ ಅಕಾಲಿಕ ಮಳೆ ಬಂದರೆ ಎಲೆಗೆ ಕಂದು ಚುಕ್ಕಿ ಬೀಳುತ್ತದೆ. ಇದಕ್ಕೆ ಕಾರಣವಾದ ಆಲ್ಟರ್ನೇರಿಯಾ ಶಿಲೀಂಧ್ರವನ್ನು 1944ರಲ್ಲಿ ಎಸ್. ಚೌಧುರಿ ಎಂಬ ಭಾರತೀಯ ವಿಜ್ಞಾನಿಯೇ ವಿವರಿಸಿದ್ದರು. ಇನ್ನೊಂದು ಸೊರಗು ರೋಗ. ಇದು 1960ರ ದಶಕದ ಆರಂಭದಲ್ಲಿ ಕ್ಯಾಲಿಫೋರ್ನಿಯಾದಲ್ಲಿ ವರದಿಯಾಯಿತು, 1970ರ ದಶಕದಲ್ಲಿ ನಮ್ಮ ದೇಶದಲ್ಲೂ. ಇದರ ಶಿಲೀಂಧ್ರ ಮಣ್ಣಿನಲ್ಲೇ ವರ್ಷಗಟ್ಟಲೆ ಕುಳಿತಿರುತ್ತದೆ. ಗಿಡ ಬಾಡಿದ ಮೇಲೆ ಔಷಧಿ ಸಿಂಪಡಿಸಿದರೆ ಪ್ರಯೋಜನವಿಲ್ಲ. ಬೆಳೆ ಬದಲಿಸಬೇಕು, ಇಲ್ಲವೆ ರೋಗ ತಡೆಯುವ ತಳಿ ಬಿತ್ತಬೇಕು. ಆದ್ದರಿಂದ ರೋಗವಿರುವ ಮಣ್ಣಿನಲ್ಲೇ ನೂರಾರು ಸಾಲು ಬಿತ್ತಿ, ಬದುಕಿ ಉಳಿದ ಗಿಡಗಳಿಂದ ಬೀಜ ಆರಿಸುವ ಪದ್ಧತಿ ಬಂತು.

ರೋಗ ತಡೆಯುವ ಗುಣವನ್ನೂ ಮುಳ್ಳಿಲ್ಲದ ಗುಣವನ್ನೂ ಒಂದೇ ಗಿಡದಲ್ಲಿ ತರುವುದು ಸುಲಭವಲ್ಲ. ಮಕ್ಕಳಿಗೆ ಮೆಂಡಲ್‌ನ ಪಾಠ ಹೇಳುವವರಿಗೆ ಇದು ಒಳ್ಳೆಯ ಉದಾಹರಣೆ. ಮುಳ್ಳಿನ ಗುಣ ಪ್ರಬಲ. ಮುಳ್ಳಿನ ಗಿಡಕ್ಕೂ ಮುಳ್ಳಿಲ್ಲದ್ದಕ್ಕೂ ಸಂಕರ ಮಾಡಿದರೆ ಮೊದಲ ಪೀಳಿಗೆಯೆಲ್ಲ ಮುಳ್ಳೇ! ಒಂದೇ ಜೀನಿನ ವ್ಯತ್ಯಾಸವಾಗಿದ್ದರೆ ಎರಡನೆಯ ಪೀಳಿಗೆಯಲ್ಲಿ ನಾಲ್ಕಕ್ಕೆ ಒಂದರಂತೆ ಮುಳ್ಳಿಲ್ಲದ ಗಿಡ ಬರುತ್ತದೆ. ಅವುಗಳಲ್ಲಿ ರೋಗ ತಡೆಯುವುದನ್ನು, ಎಣ್ಣೆ ಹೆಚ್ಚಿರುವುದನ್ನು ಹುಡುಕಬೇಕು. ಹೈಬ್ರಿಡ್ ಮಾಡಬೇಕೆಂದರೆ ತಂದೆ ತಾಯಿ ಎರಡೂ ಮುಳ್ಳಿಲ್ಲದವೇ ಆಗಿರಬೇಕು.

ಇದನ್ನು ಸಾಧಿಸಿದವರು ಸಾತಾರಾ ಜಿಲ್ಲೆಯ ಫಲಟಣದವರು. ಬಿ.ವಿ. ನಿಂಬಕರ್ ಅವರು 1968ರಲ್ಲಿ ಅಲ್ಲಿ ಕಟ್ಟಿದ ನಿಂಬಕರ್ ಕೃಷಿ ಸಂಶೋಧನಾ ಸಂಸ್ಥೆಯಿಂದ 2001ರಲ್ಲಿ ಮುಳ್ಳಿಲ್ಲದ ತಳಿ ನಾರಿ-6 ಮತ್ತು ಮುಳ್ಳಿಲ್ಲದ ಹೈಬ್ರಿಡ್ ನಾರಿ-ಎನ್‌ಎಚ್-1 ಬಿಡುಗಡೆಯಾದವು. 'ನಾರಿ' ಎಂಬುದು ಆ ಸಂಸ್ಥೆಯ ಇಂಗ್ಲಿಷ್ ಹೆಸರಿನ ಮೊದಲಕ್ಷರಗಳು ಅಷ್ಟೇ, ಆದರೆ ಕೊಯ್ಯುವವರು ಯಾರೆಂದು ನೆನೆದರೆ ಹೆಸರು ಒಪ್ಪುತ್ತದೆ. ನಂತರ ಸೊಲ್ಲಾಪುರದಿಂದ ಎಸ್‌ಎಸ್‌ಎಫ್-658, ಪರಭಣಿಯಿಂದ ಪಿಬಿಎನ್‌ಎಸ್-40 ಎಂಬ ಮುಳ್ಳಿಲ್ಲದ ತಳಿಗಳು ಬಂದವು. ಮುಳ್ಳು ಹೋದದ್ದರಿಂದ ಹೂವಿನ ಎಸಳಿಗೂ ಮತ್ತೆ ಬೆಲೆ ಬಂತು. ಕುಸುಬಿ ಹೂವಿನ ಚಹಾ ಮಾರುವವರಿದ್ದಾರೆ.

ಎಲ್ಲ ಸುಖಾಂತವೆ? ಅಲ್ಲ. ಮುಳ್ಳು ಹೋದರೆ ಬೇಲಿಯೂ ಹೋದಂತೆ. ದನ, ಜಿಂಕೆ ಮುಳ್ಳಿಲ್ಲದ ಕುಸುಬಿಯನ್ನು ಬಿಡುವುದಿಲ್ಲ. ಪಕ್ಕದ ಹೊಲದಲ್ಲಿ ಮುಳ್ಳಿನ ಕುಸುಬಿ ಇದ್ದರೆ ಜೇನುನೊಣ ಪರಾಗ ತರುತ್ತದೆ, ಮನೆಯಲ್ಲಿ ಕಟ್ಟಿಟ್ಟ ಬೀಜದಲ್ಲಿ ಮರುವರ್ಷ ಮುಳ್ಳು ಇಣುಕುತ್ತದೆ. ಹೊವಾರ್ಡ್ ದಂಪತಿ ಹೇಳಿದ್ದೂ ಇದನ್ನೇ. ಇನ್ನು ಕಂಬೈನ್ ಯಂತ್ರಕ್ಕೆ ಮುಳ್ಳು ಇದ್ದರೇನು, ಇಲ್ಲದಿದ್ದರೇನು? ಬಾಡಿಗೆ ಕೊಡುವ ಶಕ್ತಿ ಇದ್ದವರಿಗೆ ಮುಳ್ಳಿನ ತಳಿಯೇ ಸಾಕಾಯಿತು. ಕೈಯಿಂದ ಕೊಯ್ಯುವ ಸಣ್ಣ ಹಿಡುವಳಿಯವರಿಗೇ ಮುಳ್ಳಿಲ್ಲದ್ದು ಬೇಕು. ಆದರೆ ಹೊಲದಲ್ಲಿ ಕಾವಲು ಕಾಯುವ ಕಷ್ಟವೂ ಅವರದೇ.

ಇದಕ್ಕಿಂತ ದೊಡ್ಡ ನೋವು ಬೇರೆ ಇದೆ. 1980ರ ದಶಕದಲ್ಲಿ ದೇಶದಲ್ಲಿ ಲಕ್ಷಗಟ್ಟಲೆ ಹೆಕ್ಟೇರಿನಲ್ಲಿದ್ದ ಕುಸುಬಿ 2020ರ ಹೊತ್ತಿಗೆ ಒಂದು ಲಕ್ಷ ಹೆಕ್ಟೇರಿಗೂ ಕಡಿಮೆಗೆ ಇಳಿಯಿತು. ಅದರ ಜಾಗವನ್ನು ಕಡಲೆಯಂಥ ಬೆಳೆಗಳು ಹಿಡಿದವು, ನೀರು ಬಂದಲ್ಲಿ ಕಬ್ಬು ಬಂತು. ಅಗ್ಗದ ತಾಳೆ ಎಣ್ಣೆ ಹೊರದೇಶದಿಂದ ಬಂದು ಗಾಣಗಳು ನಿಂತವು. ಒಳ್ಳೆಯ ತಳಿ ಕೈಗೆ ಬರುವ ಹೊತ್ತಿಗೆ ಬೆಳೆಯೇ ಕೈಬಿಡುತ್ತಿದೆ.

ಒಂದು ಮಾತು ಮಾತ್ರ ಈ ಇತಿಹಾಸದಿಂದ ಸ್ಪಷ್ಟ. ತಳಿ ಒಳ್ಳೆಯದೋ ಕೆಟ್ಟದ್ದೋ ಎಂದು ಕ್ವಿಂಟಲ್ ಲೆಕ್ಕದಲ್ಲಿ ಮಾತ್ರ ಅಳೆಯಬಾರದು, ಕೊಯ್ಯುವವರ ಕೈಯನ್ನೂ ಕೇಳಬೇಕು. ಬಣ್ಣದ ಕಾಲದಲ್ಲಿ ಆ ಕೈಯೇ ಆರಿಸಿತ್ತು. ಅದನ್ನು ಸಂಶೋಧನೆ ಮತ್ತೆ ಕೇಳುವುದಕ್ಕೆ ನೂರು ವರ್ಷ ಹಿಡಿಯಿತು. ನಿಮ್ಮ ಊರಲ್ಲಿ ಇನ್ನೂ ಯಾರಾದರೂ ಕುಸುಬಿ ಬಿತ್ತುತ್ತಿದ್ದರೆ, ಅದು ಮುಳ್ಳಿನದೋ ಮುಳ್ಳಿಲ್ಲದ್ದೋ ಎಂದು ಮಕ್ಕಳಿಗೆ ತೋರಿಸಿರಿ. ಮೆಂಡಲ್‌ನ ಬಟಾಣಿಗಿಂತ ಬೇಗ ತಿಳಿಯುತ್ತದೆ.