ಬೇಟೆಯ ಗುಂಡಿನ ಚರಿತ್ರೆ

ಮನುವು ಕಾಮದಿಂದ ಹುಟ್ಟುವ ಹತ್ತು ವ್ಯಸನಗಳನ್ನು ಎಣಿಸುವಾಗ ಮೃಗಯೆಯನ್ನು ಮೊದಲು ಹೆಸರಿಸಿದನು. ಕೌಟಿಲ್ಯನಾದರೋ ಅದನ್ನು ವ್ಯಸನವೆಂದು ಒಪ್ಪಿಯೂ, ದ್ಯೂತಕ್ಕಿಂತ ಅದು ಲೇಸೆಂದೂ, ಅದರಿಂದ ದೇಹಕ್ಕೆ ವ್ಯಾಯಾಮವೂ ಗುರಿಗೆ ಪರಿಣತಿಯೂ ಉಂಟಾಗುವುದೆಂದೂ ವಾದಿಸಿದನು. ಈ ವಿಚಾರವೆಲ್ಲ ಬೇಟೆಯಾಡುವ ರಾಜನ ಹಿತಾಹಿತಗಳನ್ನು ಕುರಿತದ್ದು. ಏಟು ತಿಂದ ಮೃಗವು ಎಷ್ಟು ಹೊತ್ತು ನರಳುವುದೆಂಬುದು ಬೇರೊಂದು ಪ್ರಶ್ನೆ. ಕಳೆದ ಒಂದೂವರೆ ಶತಮಾನದಲ್ಲಿ ಈ ಪ್ರಶ್ನೆಯನ್ನು ಹಿಡಿದು ಶ್ರಮಿಸಿದವರಲ್ಲಿ ಅಮೆರಿಕಾ ದೇಶದ ಬೇಟೆಗಾರರು ಮುಖ್ಯರು. ಅವರು ಉತ್ತರವನ್ನು ಹುಡುಕಿದ್ದು ಹತ್ತು ಹನ್ನೆರಡು ಗ್ರಾಂ ತೂಕದ ಒಂದು ಗುಂಡಿನಲ್ಲಿ.

ಆ ದೇಶದಲ್ಲಿ ಬೇಟೆಗಾರನು ತನ್ನ ತೋಟಾಗಳನ್ನು ತಾನೇ ತುಂಬಿಕೊಳ್ಳುವ ಪದ್ಧತಿಯುಂಟು. ಒಮ್ಮೆ ಹಾರಿಸಿದ ತೋಟಾದ ಹಿತ್ತಾಳೆಯ ಚಿಪ್ಪು ಕೆಡುವುದಿಲ್ಲ. ಅದನ್ನು ಅಚ್ಚಿನಲ್ಲಿ ಒತ್ತಿ ಮೊದಲಿನ ಅಳತೆಗೆ ತಂದು, ಹೊಸ ಕೇಪನ್ನು ಕೂರಿಸಿ, ಮದ್ದನ್ನು ತೂಗಿ ಹಾಕಿ, ಬಾಯಿಗೆ ಗುಂಡನ್ನಿಟ್ಟು ಬಿಗಿದರೆ ಹೊಸ ತೋಟಾ ಸಿದ್ಧವಾಗುವುದು. ಕನೆಕ್ಟಿಕಟ್ ಸಂಸ್ಥಾನದ ಜಾನ್ ಬಾರ್ಲೋ ಎಂಬವನು 1884ರಲ್ಲಿಯೇ ‘ಐಡಿಯಲ್’ ಎಂಬ ಹೆಸರಿನಿಂದ ಇದಕ್ಕೆ ಬೇಕಾದ ಕೈಸಲಕರಣೆಗಳನ್ನು ಮಾಡಿ ಮಾರಲಾರಂಭಿಸಿದನು. ಮಿತವ್ಯಯವೇ ಈ ಪದ್ಧತಿಯ ಮೊದಲ ಪ್ರಯೋಜನ. ಆದರೆ ಚಿಪ್ಪು, ಕೇಪು, ಮದ್ದು, ಗುಂಡು ಎಂಬ ನಾಲ್ಕರಲ್ಲಿ ಮೃಗವನ್ನು ಮುಟ್ಟುವುದು ಗುಂಡೊಂದೇ ಆದುದರಿಂದ, ತೋಟಾ ತುಂಬುವವನ ವಿವೇಚನೆಯು ಕಡೆಗೆ ಗುಂಡಿನ ಆಯ್ಕೆಯಲ್ಲಿಯೇ ಬಂದು ನಿಲ್ಲುವುದು.

ಕರಿಮದ್ದಿನ ಕಾಲದಲ್ಲಿ ಈ ಆಯ್ಕೆಯು ಸರಳವಾಗಿತ್ತು. ಆಗಿನ ಗುಂಡು ಬರಿಯ ಸೀಸದ್ದು. ಅದರ ವೇಗವು ಸೆಕೆಂಡಿಗೆ ಸಾಮಾನ್ಯವಾಗಿ 1,300ರಿಂದ 1,600 ಅಡಿ. ಸೀಸವು ಮೃದುವಾದ ಲೋಹವಾದುದರಿಂದ ಮೃಗದ ದೇಹವನ್ನು ಹೊಕ್ಕೊಡನೆ ತಾನಾಗಿಯೇ ಅಗಲವಾಗುತ್ತಿತ್ತು. ಹೆಚ್ಚಿನ ಬಲ ಬೇಕಾದವನು ಹೆಚ್ಚು ದಪ್ಪದ ಗುಂಡನ್ನು ಆರಿಸುತ್ತಿದ್ದನು. 1884ರಲ್ಲಿ ಫ್ರಾನ್ಸಿನ ಪೋಲ್ ವಿಯೇಲ್ ಎಂಬ ರಸಾಯನಜ್ಞನು ಹೊಗೆಯಿಲ್ಲದ ಮದ್ದನ್ನು ಕಂಡುಹಿಡಿದನು. 1886ರಲ್ಲಿ ಆ ದೇಶದ ಸೈನ್ಯಕ್ಕೆ ಬಂದ ಲೆಬೆಲ್ ರೈಫಲ್ಲಿನ ಗುಂಡು ಸೆಕೆಂಡಿಗೆ 2,000 ಅಡಿಯ ವೇಗವನ್ನು ಮೀರಿತು. ಇಷ್ಟು ವೇಗಕ್ಕೆ ಬರಿಯ ಸೀಸವು ನಳಿಗೆಯ ಒಳಗಿನ ತಿರುಪುಗೀರುಗಳಲ್ಲಿ ಹಿಡಿದು ನಿಲ್ಲದೆ ಸವೆದು ಹೋಗುವುದು. ಸ್ವಿಟ್ಸರ್ಲೆಂಡಿನ ಎಡ್ವರ್ಡ್ ರೂಬಿನ್ ಎಂಬವನು 1880ರ ದಶಕದ ಆದಿಯಲ್ಲಿ ಸೀಸಕ್ಕೆ ತಾಮ್ರದ ಕವಚವನ್ನು ತೊಡಿಸಿ ಈ ತೊಡಕನ್ನು ಪರಿಹರಿಸಿದ್ದನು.

ಒಂದು ತೊಡಕು ನೀಗಿತು, ಇನ್ನೊಂದು ಹುಟ್ಟಿತು. ಪೂರ್ಣ ಕವಚದ ಗುಂಡು ಅಗಲವಾಗದೆ ದೇಹವನ್ನು ಸೂಜಿಯಂತೆ ತೂರಿ ಆಚೆಗೆ ಹೋಗುವುದುಂಟು. 1895ರ ಚಿತ್ರಾಲ್ ದಂಡಯಾತ್ರೆಯಲ್ಲಿ ಇಂಥ ಗುಂಡು ಎದುರಾಳಿಯನ್ನು ತಡೆಯಲು ಸಾಲದೆಂದು ಬ್ರಿಟಿಷ್ ಸೈನಿಕರು ದೂರಿದರು. ಅನಂತರ ಕಲ್ಕತ್ತೆಯ ಬಳಿಯ ದಮ್‌ದಮ್ ಶಸ್ತ್ರಾಗಾರದಲ್ಲಿ ಕ್ಯಾಪ್ಟನ್ ಬರ್ಟಿ-ಕ್ಲೇ ಎಂಬವನು ಗುಂಡಿನ ತುದಿಯಲ್ಲಿ ಕವಚವನ್ನು ತೆಗೆದು ಸೀಸವನ್ನು ಹೊರಗೆ ಕಾಣುವಂತೆ ಮಾಡಿದನು. ದೇಹದೊಳಗೆ ಅರಳುವ ಈ ಗುಂಡಿಗೆ ಆ ಸ್ಥಳದ ಹೆಸರೇ ನಿಂತಿತು. 1899ರಲ್ಲಿ ಹೇಗ್ ನಗರದಲ್ಲಿ ಕೂಡಿದ ರಾಷ್ಟ್ರಗಳ ಸಮ್ಮೇಳನವು ಇಂಥ ಗುಂಡುಗಳನ್ನು ಯುದ್ಧದಲ್ಲಿ ಬಳಸಕೂಡದೆಂದು ಘೋಷಿಸಿತು.

ಆದರೆ ಬೇಟೆಯಲ್ಲಿ ನ್ಯಾಯವು ತಿರುಗುಮುರುಗಾಯಿತು. ಗಾಯಗೊಂಡ ಸೈನಿಕನನ್ನು ಚಿಕಿತ್ಸೆಗೆ ಒಯ್ಯುವವರುಂಟು. ಗಾಯಗೊಂಡು ಪೊದೆ ಸೇರಿದ ಜಿಂಕೆಗೆ ಯಾರೂ ಇಲ್ಲ. ಅದಕ್ಕೆ ದಯೆಯೆಂದರೆ ಶೀಘ್ರವಾದ ಮರಣವೇ. ಆದುದರಿಂದ ಮನುಷ್ಯನ ಮೇಲೆ ನಿಷಿದ್ಧವಾದ ಅರಳುಗುಂಡೇ ಜಿಂಕೆಯ ಬೇಟೆಗೆ ವಿಹಿತವಾಯಿತು. ಅಮೆರಿಕಾದ ಅನೇಕ ಸಂಸ್ಥಾನಗಳು ಪೂರ್ಣ ಕವಚದ ಸೈನಿಕ ಗುಂಡನ್ನು ಈ ಬೇಟೆಗೆ ಬಳಸಕೂಡದೆಂದು ಕಾಯಿದೆ ಮಾಡಿದವು.

ಅರಳುವ ಗುಂಡು ಎಷ್ಟು ಅರಳಬೇಕು? ಆ ದೇಶದ ಬಿಳಿಬಾಲದ ಜಿಂಕೆಯು ಸಾಮಾನ್ಯವಾಗಿ 50ರಿಂದ 100 ಕಿಲೋಗ್ರಾಂ ತೂಗುವುದು. ಎಲ್ಕ್ ಎಂಬುದು ನಮ್ಮ ಕಡವೆಗಿಂತಲೂ ದೊಡ್ಡದಾದ ಮೃಗ. ಗಂಡು 300 ಕಿಲೋಗ್ರಾಂ ಮೀರುವುದುಂಟು. ಜಿಂಕೆಗೆ ಹೊಂದುವಂತೆ ಬೇಗನೆ ಅರಳುವ ಗುಂಡು ಎಲ್ಕಿನ ಹೆಗಲೆಲುಬಿಗೆ ತಾಗಿ ಅಲ್ಲಿಯೇ ಚೂರಾಗಬಹುದು; ಎಲ್ಕಿಗೆಂದು ಗಟ್ಟಿಯಾಗಿ ಮಾಡಿದ ಗುಂಡು ಜಿಂಕೆಯನ್ನು ಅರಳದೆ ತೂರಿ ಹೋಗಬಹುದು. ಮೂವತ್ತು-ಆರು ಎಂದು ಹೆಸರಾದ 1906ರ ತೋಟಾಕ್ಕೆ ಜಿಂಕೆಗಾದರೆ 150 ಗ್ರೇನಿನ ಗುಂಡನ್ನೂ ಎಲ್ಕಿಗಾದರೆ 180 ಗ್ರೇನಿನದನ್ನೂ ತುಂಬುವ ರೂಢಿಯು ಈ ವಿವೇಚನೆಯಿಂದ ಬಂದದ್ದು.

ತೂಕವೊಂದರಿಂದಲೇ ಕಾರ್ಯ ಸಾಧಿಸದೆಂಬುದು 1946ರಲ್ಲಿ ಸ್ಪಷ್ಟವಾಯಿತು. ಆರೆಗಾನ್ ಸಂಸ್ಥಾನದ ಜಾನ್ ನಾಸ್ಲರ್ ಎಂಬವನು ಕೆನಡಾದ ಬ್ರಿಟಿಷ್ ಕೊಲಂಬಿಯಾದಲ್ಲಿ, ಎಲ್ಕಿಗಿಂತಲೂ ದೊಡ್ಡದಾದ ಮೂಸ್ ಎಂಬ ಮೃಗದ ಮೇಲೆ ಗುಂಡು ಹಾರಿಸಿದನು. ಅದರ ಮೈಗೆ ಕೆಸರು ಒಣಗಿ ಮೆತ್ತಿಕೊಂಡಿತ್ತು. ಅತಿವೇಗದ ಗುಂಡುಗಳು ಮೇಲ್ಭಾಗದಲ್ಲಿಯೇ ಚೂರಾದವು, ಮೃಗವು ಬೀಳಲಿಲ್ಲ. ನಾಸ್ಲರನು ಮನೆಗೆ ಹಿಂದಿರುಗಿ ಗುಂಡಿನ ನಡುವೆ ತಾಮ್ರಮಿಶ್ರಲೋಹದ ಒಂದು ಅಡ್ಡಗೋಡೆಯನ್ನು ಕಲ್ಪಿಸಿದನು. ಮುಂದಿನ ಸೀಸವು ಅರಳಲಿ, ಹಿಂದಿನದು ಅಖಂಡವಾಗಿ ಉಳಿದು ಒಳಹೊಗಲಿ ಎಂಬುದು ಅದರ ತತ್ತ್ವ. ಜರ್ಮನಿಯಲ್ಲಿ ಇದನ್ನು ಹೋಲುವ ಗುಂಡು ಮಹಾಯುದ್ಧಕ್ಕೆ ಮೊದಲೇ ಇದ್ದಿತು. ನಾಸ್ಲರನು 1948ರಲ್ಲಿ ತನ್ನ ಗುಂಡನ್ನು ಮಾರಾಟಕ್ಕಿಟ್ಟನು. ತೋಟಾ ತುಂಬುವವರು ಅದನ್ನು ಆದರದಿಂದ ಸ್ವೀಕರಿಸಿದರು.

ಮೃಗದ ನೋವಿಗೆ ಹೀಗೆ ಒಂದು ಪರಿಹಾರ ದೊರೆತರೂ, ಯಾರೂ ಗುರಿಯಿಡದ ಒಂದು ಜೀವವು ಅದೇ ಗುಂಡಿನಿಂದ ಸಾಯುತ್ತಿದ್ದಿತು. ಬೇಟೆಗಾರನು ಕಾಡಿನಲ್ಲಿ ಬಿಟ್ಟುಬಂದ ಕರುಳು ಮೊದಲಾದುವುಗಳಲ್ಲಿ ಸೀಸದ ಸಣ್ಣ ಚೂರುಗಳು ಉಳಿಯುತ್ತಿದ್ದವು. ಅವನ್ನು ತಿಂದ ಕ್ಯಾಲಿಫೋರ್ನಿಯಾದ ಕಾಂಡೋರ್ ಎಂಬ ಮಹಾಗೃಧ್ರಗಳು ವಿಷವೇರಿ ಸಾಯುತ್ತಿದ್ದವು. 1982ರಲ್ಲಿ ಈ ಪಕ್ಷಿಗಳು ಲೋಕದಲ್ಲಿ 22 ಮಾತ್ರ ಉಳಿದಿದ್ದವು. 1987ರಲ್ಲಿ ಕಾಡಿನಲ್ಲಿದ್ದ ಕಡೆಯದನ್ನೂ ಹಿಡಿದು ಸಾಕಿ, 1992ರಿಂದ ಮರಿಗಳನ್ನು ಮತ್ತೆ ಕಾಡಿಗೆ ಬಿಡಲಾಯಿತು. ಕ್ಯಾಲಿಫೋರ್ನಿಯಾ ಸಂಸ್ಥಾನವು 2013ರಲ್ಲಿ ಕಾಯಿದೆ ಮಾಡಿ, 2019ರ ಜುಲೈ 1ರಿಂದ ಬೇಟೆಯಲ್ಲಿ ಸೀಸದ ಗುಂಡನ್ನು ಸಂಪೂರ್ಣವಾಗಿ ನಿಷೇಧಿಸಿತು.

ಸೀಸವಿಲ್ಲದ, ಪೂರ್ತಿ ತಾಮ್ರದ ಗುಂಡು 1989ರಲ್ಲಿಯೇ ಬಾರ್ನ್ಸ್ ಸಂಸ್ಥೆಯಿಂದ ಹೊರಬಂದಿದ್ದಿತು. ಅದರ ಮುಂಭಾಗವು ಟೊಳ್ಳಾಗಿದ್ದು ನಾಲ್ಕು ದಳಗಳಾಗಿ ಬಿಚ್ಚಿಕೊಳ್ಳುವುದು. ತೂಕವು ಬಹುಮಟ್ಟಿಗೆ ಉಳಿಯುವುದು. ತಾಮ್ರವು ಸೀಸಕ್ಕಿಂತ ಹಗುರವಾದುದರಿಂದ ಅಷ್ಟೇ ತೂಕದ ತಾಮ್ರದ ಗುಂಡು ಹೆಚ್ಚು ಉದ್ದವಾಗಿರುವುದು. ಅದನ್ನು ನೆಟ್ಟಗೆ ಹಾರಿಸಬಲ್ಲ ತಿರುಪು ನಳಿಗೆಯಲ್ಲಿರಬೇಕು. ದೂರದಲ್ಲಿ ವೇಗವು ಕುಂದಿದರೆ ಅದು ಸರಿಯಾಗಿ ಅರಳದು. ಆದುದರಿಂದ ತೋಟಾ ತುಂಬುವವನು ಕೊಂಚ ಹಗುರಾದ ಗುಂಡನ್ನು ಆರಿಸಿ, ವೇಗವನ್ನು ಕಾಯ್ದುಕೊಂಡು, ಗುರಿಹಲಗೆಯ ಮೇಲೆ ಮೊದಲು ಪರೀಕ್ಷಿಸಬೇಕಾಗುವುದು.

ಭಾರತದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯೂ 1991ರ ಅದರ ತಿದ್ದುಪಡಿಯೂ ಮೃಗಯೆಯ ಹಳೆಯ ವಾದಕ್ಕೆ ತೆರೆಯೆಳೆದಿವೆ. ಬೇಟೆಯು ಉಳಿದಿರುವ ದೇಶಗಳಲ್ಲಿ ಹೊಣೆಯೂ ಉಳಿದಿದೆ. ಪುರಾಣದ ಅಸ್ತ್ರಗಳಿಗೆ ಪ್ರಯೋಗದಂತೆ ಉಪಸಂಹಾರವೂ ಇತ್ತು. ನಳಿಗೆಯನ್ನು ಬಿಟ್ಟ ಗುಂಡನ್ನು ಹಿಂದಕ್ಕೆ ಕರೆಯುವ ಮಂತ್ರವಿಲ್ಲ. ಬೀಳುವ ಮೃಗಕ್ಕೂ, ಅದರ ಅವಶೇಷವನ್ನು ತಿನ್ನುವ ಪಕ್ಷಿಗೂ ಸಲ್ಲಬೇಕಾದ ವಿಚಾರವೆಲ್ಲ, ಗುಂಡನ್ನು ಚಿಪ್ಪಿನ ಬಾಯಿಗೆ ಕೂರಿಸುವುದಕ್ಕೆ ಮೊದಲೇ ನಡೆದಿರಬೇಕು.