ಗರಡಿಯ ವಸ್ತಾದರಿಂದ ಇಂದಿನ ತರಬೇತುದಾರರವರೆಗೆ



ದಾವಣಗೆರೆಯ ದುಗ್ಗಮ್ಮನ ಜಾತ್ರೆಯ ಕುಸ್ತಿಯನ್ನು ನಿಮ್ಮಲ್ಲಿ ಹಲವರು ನೋಡಿರಬಹುದು. ಪ್ರತಿಯೊಬ್ಬ ಪೈಲ್ವಾನನ ಹಿಂದೆ ಗರಡಿಮನೆಯ ವಸ್ತಾದರೊಬ್ಬರು ಇರುತ್ತಾರೆ. ಉರ್ದುವಿನ 'ಉಸ್ತಾದ್' ಪದವೇ ನಮ್ಮ ಕಡೆಯ ಕನ್ನಡದಲ್ಲಿ 'ವಸ್ತಾದ್' ಆಗಿದೆ. ಅವರು ಪಟ್ಟು ಹೇಳಿಕೊಟ್ಟು ಸುಮ್ಮನಾಗುವುದಿಲ್ಲ. ಎತ್ತರದವನು, ಗಿಡ್ಡನು, ಭಾರದವನು, ಚುರುಕಿನವನು ಹೀಗೆ ಬೇರೆ ಬೇರೆ ಜೊತೆಗಾರರೊಡನೆ ಶಿಷ್ಯನನ್ನು ಮಣ್ಣಿಗಿಳಿಸುತ್ತಾರೆ. ಇದರ ಮರ್ಮವನ್ನು ವಿಜ್ಞಾನ ಬಿಡಿಸಿ ಹೇಳಿದ್ದು ಬಹಳ ತಡವಾಗಿ.

1920ರ ದಶಕದಲ್ಲಿ ಮಾಸ್ಕೋದ ವಿಜ್ಞಾನಿ ನಿಕೊಲಾಯ್ ಬರ್ನ್‌ಸ್ಟೈನ್, ನುರಿತ ಕಾರ್ಮಿಕರು ಉಳಿಯ ಮೇಲೆ ಸುತ್ತಿಗೆ ಹೊಡೆಯುವುದನ್ನು ಚಿತ್ರೀಕರಿಸಿ ಅಭ್ಯಸಿಸಿದರು. ಏಟು ಗುರಿಗೇ ಬೀಳುತ್ತಿತ್ತು. ಆದರೆ ತೋಳು, ಮೊಣಕೈಗಳ ಚಲನೆ ಪ್ರತಿ ಸಲವೂ ಸ್ವಲ್ಪ ಬೇರೆಯಾಗಿತ್ತು. ಹರಿಹರದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆಯಲ್ಲಿ ದುಡಿದ ಹಿರಿಯರು ಮನೆಯಲ್ಲಿದ್ದರೆ, ಕೈ ಪಳಗುವುದೆಂದರೇನೆಂದು ಅವರನ್ನೇ ಕೇಳಿ ನೋಡಿ.

ನಮ್ಮ ದೇಶದಲ್ಲಿ ತರಬೇತುದಾರರನ್ನು ತಯಾರು ಮಾಡಲು ಪಟಿಯಾಲಾದಲ್ಲಿ ರಾಷ್ಟ್ರೀಯ ಕ್ರೀಡಾ ಸಂಸ್ಥೆ ಆರಂಭವಾದದ್ದು 1961ರಲ್ಲಿ. 1967ರಲ್ಲಿ ಫಿಟ್ಸ್ ಮತ್ತು ಪೋಸ್ನರ್ ಕಲಿಕೆಗೆ ಮೂರು ಹಂತಗಳಿವೆ ಎಂದರು: ಮೊದಲು ತಿಳಿಯುವುದು, ಆಮೇಲೆ ತಿದ್ದಿಕೊಳ್ಳುವುದು, ಕೊನೆಗೆ ಯೋಚಿಸದೆಯೇ ಮಾಡುವುದು. 1975ರಲ್ಲಿ ರಿಚರ್ಡ್ ಶ್ಮಿಟ್, ಮನಸ್ಸು ಒಂದೊಂದು ಚಲನೆಯನ್ನೂ ಕೂಡಿಡುವುದಿಲ್ಲ, ಅವುಗಳ ಹಿಂದಿನ ನಿಯಮವನ್ನು ಕಲಿಯುತ್ತದೆ ಎಂದು ವಾದಿಸಿದರು. 1979ರಲ್ಲಿ ಶಿಯಾ ಮತ್ತು ಮಾರ್ಗನ್ ನಡೆಸಿದ ಪ್ರಯೋಗದಲ್ಲಿ, ಒಂದನ್ನೇ ಮುಗಿಸಿ ಇನ್ನೊಂದಕ್ಕೆ ಹೋದವರು ಅಭ್ಯಾಸದ ವೇಳೆ ಮುಂದಿದ್ದರು. ಹತ್ತು ದಿನಗಳ ನಂತರ ಪರೀಕ್ಷಿಸಿದಾಗ, ಕಲಸಿ ಅಭ್ಯಾಸ ಮಾಡಿದವರೇ ಮುಂದಾಗಿದ್ದರು. 1986ರಲ್ಲಿ ಗೂಡ್ ಮತ್ತು ಮ್ಯಾಗಿಲ್ ಬ್ಯಾಡ್ಮಿಂಟನ್ ಸರ್ವ್‌ನಲ್ಲಿಯೂ ಇದೇ ಬಗೆಯ ಫಲಿತಾಂಶ ಕಂಡರು.

ಇದನ್ನು ಓದುವ ಮೊದಲು ನಾನೂ ತಪ್ಪು ಮಾಡಿದ್ದೇನೆ. ಶಾಲಾ ತಂಡದ ಹುಡುಗರಿಂದ ಒಂದೇ ಸ್ಟಂಪಿಗೆ, ಒಂದೇ ಜಾಗದಿಂದ ದಿನವೂ ಚೆಂಡು ಎಸೆಸಿದೆ. ಪಂದ್ಯದ ದಿನ ಎಡಗೈ ಆಟಗಾರ ಎದುರು ನಿಂತಾಗ ಅವರು ತಬ್ಬಿಬ್ಬಾದರು. ನಾನು ಗದರಿದೆ. ಒಬ್ಬ ಹುಡುಗ ಮೈದಾನಕ್ಕೆ ಬರುವುದನ್ನೇ ಬಿಟ್ಟ. ತಪ್ಪು ಅವನದಾಗಿರಲಿಲ್ಲ, ಕಲಿಸಿದವನದಾಗಿತ್ತು.

ಹೊಸಬರಿಗೆ ಆರಂಭದಲ್ಲಿ ಒಂದೇ ಪಾಠದ ಪುನರಾವರ್ತನೆ ಬೇಕು, ನಿಜ. ಆದರೆ ಅಲ್ಲಿಯೇ ನಿಲ್ಲಬಾರದು. ದಾವಣಗೆರೆಯಲ್ಲಿ ಹುಟ್ಟಿದ ಆರ್. ವಿನಯ್ ಕುಮಾರ್ 2013-14 ಮತ್ತು 2014-15ರಲ್ಲಿ ಕರ್ನಾಟಕಕ್ಕೆ ರಣಜಿ ಟ್ರೋಫಿ ಗೆದ್ದುಕೊಟ್ಟ ನಾಯಕ. ಅಂಥ ಆಟಗಾರ ನಿಮ್ಮ ತರಗತಿಯಲ್ಲಿಯೂ ಇರಬಹುದು.

ತರಗತಿಯ ಮಾತೂ ಇದೇ. ಉರ್ದು ಮನೆಮಾತಿನ ಮಕ್ಕಳು ಕನ್ನಡದ ಒಂದೇ ಪ್ರಬಂಧವನ್ನು ಬಾಯಿಪಾಠ ಮಾಡಿದರೆ ಪ್ರಶ್ನೆ ಬದಲಾದ ಕೂಡಲೇ ಕೈ ಚೆಲ್ಲುತ್ತಾರೆ. ಅಂಗಡಿಯಲ್ಲಿ, ಬಸ್ಸಿನಲ್ಲಿ, ಗೆಳೆಯರೊಡನೆ ಮಾತನಾಡಿ, ತಪ್ಪಿದರೆ ನಾಚಬೇಡಿ. ಅಭ್ಯಾಸದಲ್ಲಿ ಆಗುವ ತಪ್ಪು ಸೋಲಲ್ಲ, ಅದೂ ಕಲಿಕೆಯೇ.